ಎಡಗಡೆಯ ಸೀಟು

ಕಾಯಿಲೆ ಬಂದಾಗ ಮೊದಲು ಭಯವಾಗುತ್ತದೆ, ಆಮೇಲೆ ಸಿಟ್ಟು ಬರುತ್ತದೆ, ಕೊನೆಗೆ ದೇವರು ನೆನಪಾಗುತ್ತಾನೆ ಎಂದು ಅನುಭವಸ್ಥರು ಹೇಳುತ್ತಾರೆ. ನನಗೆ ಈ ಮೂರೂ ಆದವು, ಇಲ್ಲವೆನ್ನುವುದಿಲ್ಲ. ಆದರೆ ಇವೆಲ್ಲಕ್ಕಿಂತ ಮುಂಚೆ ಬಂದು, ಇವೆಲ್ಲ ಹೋದ ಮೇಲೂ ಹೋಗದೆ ಮನೆಯವರಂತೆ ಉಳಿದುಕೊಂಡದ್ದು ಹೊಟ್ಟೆಕಿಚ್ಚು. ಅದರ ಬಗ್ಗೆ ಯಾರೂ ಬರೆದದ್ದನ್ನು ನಾನು ಓದಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು, ಪಕ್ಕದವರ ರಿಪೋರ್ಟು ಚೆನ್ನಾಗಿ ಬಂದದ್ದಕ್ಕೆ ಒಳಗೊಳಗೇ ಉರಿದುಕೊಂಡವರು ಇನ್ನೂ ಯಾರಾದರೂ ಇದ್ದರೆ ಅವರಿಗೆ ಜೊತೆಯಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಒಳ್ಳೆಯ ರೋಗಿಗಳು ಬೇರೆ ಏನಾದರೂ ಓದಿಕೊಳ್ಳಲಿ.

ನಾನು ಪೈಲಟ್. ದೊಡ್ಡ ವಿಮಾನದ್ದಲ್ಲ. ಒಂದೂರಿನ ಆಸ್ಪತ್ರೆಯಿಂದ ಇನ್ನೊಂದೂರಿನ ಆಸ್ಪತ್ರೆಗೆ ರೋಗಿಗಳನ್ನು ಸಾಗಿಸುವ ಸಣ್ಣ ವಿಮಾನದ್ದು. ಹಿಂದೆ ಒಂದು ಸ್ಟ್ರೆಚರ್, ಒಬ್ಬ ಡಾಕ್ಟರ್, ಒಬ್ಬ ನರ್ಸ್, ರೋಗಿಯ ಕಡೆಯವರು ಒಬ್ಬರು. ಮುಂದೆ ನಾವಿಬ್ಬರು. ಎಡಗಡೆಯ ಸೀಟಿನಲ್ಲಿ ಕ್ಯಾಪ್ಟನ್, ಬಲಗಡೆಯಲ್ಲಿ ಸಹಪೈಲಟ್. ಎಡಗಡೆ ಕೂರುತ್ತಿದ್ದವಳು ನಾನು. ಹುಟ್ಟಿದ್ದು ಧಾರವಾಡದಲ್ಲಿ, ಕೊಟ್ಟದ್ದು ಬೆಳಗಾವಿಯ ಮನೆಗೆ, ಸಂಸಾರ ಪುಣೆಯ ಕೋಥರೂಡದಲ್ಲಿ. ಗಂಡ ಅನಂತ ಖಡಕಿಯ ಕಾರ್ಖಾನೆಯಲ್ಲಿ ಇಂಜಿನಿಯರ್. ಅತ್ತೆ ನಮ್ಮ ಜೊತೆಗೇ ಇದ್ದಾರೆ. ಸೊಸೆ ವಿಮಾನ ಹಾರಿಸುತ್ತಾಳೆಂದು ಸೊಸೈಟಿಯಲ್ಲೆಲ್ಲ ಹೇಳಿಕೊಂಡು ಬರುವವರೂ ಅವರೇ, ಮನೆಗೆ ಬಂದು "ಹೆಂಗಸರಿಗೆ ಯಾಕ ಬೇಕು ಈ ಉಸಾಬರಿ" ಎನ್ನುವವರೂ ಅವರೇ.

ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ, ಹೊರಗಿನವರಿಗೆ ಹೇಳಿದರೆ ನಂಬುವುದಿಲ್ಲ. ಹಿಂದೆ ಮಲಗಿರುವವರು ಯಾರು, ಏನಾಗಿದೆ, ಎಷ್ಟು ಹೊತ್ತು ತಡೆದಾರು ಎಂಬುದನ್ನು ಪೈಲಟ್‌ಗೆ ಹೇಳುವುದಿಲ್ಲ. ತೂಕ ಮಾತ್ರ ಹೇಳುತ್ತಾರೆ, ಅದೂ ರೋಗಿಯದನ್ನು ಬಿಡಿಸಿ ಹೇಳುವುದಿಲ್ಲ. ಡಾಕ್ಟರ್, ನರ್ಸ್, ಸಿಲಿಂಡರು, ಚೀಲ, ರೋಗಿ ಎಲ್ಲ ಸೇರಿಸಿ ಒಂದೇ ಮೊತ್ತ. ಬಿಡಿಸಿ ಹೇಳಿದರೆ ಹನ್ನೊಂದು ಕಿಲೋದ ರೋಗಿ ಎಂದರೆ ಕೂಸು ಎಂದು ಗೊತ್ತಾಗಿಬಿಡುತ್ತದಲ್ಲ. ಕೂಸೆಂದು ಗೊತ್ತಾದ ಪೈಲಟ್ ಹೋಗಬಾರದ ಹವೆಯಲ್ಲಿ ಹೋಗುತ್ತಾನೆ, ಒಂದು ಜೀವ ಉಳಿಸಲು ಹೋಗಿ ಆರು ಜೀವ ಕಳೆಯುತ್ತಾನೆ. ಆದ್ದರಿಂದ ಪರದೆ ಎಳೆದಿರುತ್ತದೆ. ಅಷ್ಟು ವರ್ಷ ಎಷ್ಟೋ ಜನರನ್ನು ಹೊತ್ತು ತಂದಿದ್ದೇನೆ, ಒಬ್ಬರ ಮುಖವೂ ಸರಿಯಾಗಿ ನೆನಪಿಲ್ಲ.

ಕಾಯಿಲೆ ಶುರುವಾದದ್ದು ಮೋಡದೊಳಗೆ. ನಾಗಪುರದಲ್ಲಿ ರೋಗಿಯನ್ನು ಇಳಿಸಿ ಖಾಲಿ ವಿಮಾನದಲ್ಲಿ ಪುಣೆಗೆ ಮರಳುತ್ತಿದ್ದೆವು. ವಿಮಾನ ಎಡಕ್ಕೆ ತಿರುಗುತ್ತಿದೆ ಅನ್ನಿಸಿತು. ಮೀಟರುಗಳು ನೆಟ್ಟಗೆ ಹೋಗುತ್ತಿದೆ ಎನ್ನುತ್ತಿದ್ದವು. ಮೋಡದಲ್ಲಿ ಹೊರಗೇನೂ ಕಾಣದಾಗ ನಮ್ಮ ಕಿವಿ ಸುಳ್ಳು ಹೇಳುತ್ತದೆ, ಮೈಗೆ ಅನ್ನಿಸಿದ್ದನ್ನು ನಂಬಬೇಡಿ, ಮೀಟರನ್ನು ನಂಬಿ ಎನ್ನುವುದು ನಮಗೆ ಕಲಿಸುವ ಮೊದಲ ಪಾಠ. ಕಲಿಸಿದಂತೆ ಮಾಡಿದೆ. ಚೆನ್ನಾಗಿಯೇ ಇಳಿಸಿದೆ. ವಿಮಾನದಿಂದ ಇಳಿದು ನೆಲದ ಮೇಲೆ ನಿಂತಾಗಲೂ ನೆಲ ಎಡಕ್ಕೆ ತಿರುಗುತ್ತಿತ್ತು.

ಬೇರೆ ಯಾರೇ ಆಗಿದ್ದರೂ ಅಂದೇ ಡಾಕ್ಟರ ಹತ್ತಿರ ಓಡುತ್ತಿದ್ದರು. ನನಗೆ ಮೈಯನ್ನು ನಂಬದಿರುವುದು ರೂಢಿಯಾಗಿಬಿಟ್ಟಿತ್ತು. ಮರುದಿನ ರಜೆ ಇತ್ತು, ಮನೆಯಲ್ಲಿ ಬಾಗಿಲ ಚೌಕಟ್ಟು ನೋಡಿದೆ, ಅದು ನೆಟ್ಟಗಿತ್ತು. ಕಿಟಕಿ ನೋಡಿದೆ, ಅದೂ ನೆಟ್ಟಗಿತ್ತು. ಹಾಗಾದರೆ ನಾನೂ ನೆಟ್ಟಗಿದ್ದೇನೆ ಎಂದುಕೊಂಡು ಗೋಡೆ ಹಿಡಿದುಕೊಂಡೇ ಓಡಾಡಿದೆ. ಅದರ ಮರುದಿನ ಅಡುಗೆಮನೆಯಲ್ಲಿ ನೀರು ತುಂಬಿಸುತ್ತಿದ್ದವಳು ಕೊಡದ ಸಮೇತ ಬಿದ್ದೆ. ಎಡಗಿವಿಯಲ್ಲಿ ಕುಕ್ಕರಿನ ಸಿಳ್ಳೆಯಂಥ ಸದ್ದು. ಎಬ್ಬಿಸಿ ಕೂರಿಸಿದರೆ ವಾಂತಿ.

ಅತ್ತೆ ಬಾಗಿಲಲ್ಲಿ ನಿಂತು, "ಅನಂತಾ, ಬಾ ಇಲ್ಲೆ. ಇಕಿಗೆ ನೆದರ ಆಗ್ಯದ," ಎಂದರು. ಯಾರ ಕಣ್ಣು ಬಿದ್ದಿತೋ ಕಾಣೆ. ಆಗ ನನ್ನ ಬಳಿ ಕಣ್ಣು ಬೀಳುವಂಥದ್ದೆಲ್ಲ ಇತ್ತು.

ಕಿವಿಯ ಡಾಕ್ಟರು ಮರಾಠಿ ಹೆಂಗಸು. ಸಣ್ಣ ದನಿ, ಗಡುಸು ಕೈ. ಕಿವಿಗೆ ಬಿಸಿನೀರು ಬಿಟ್ಟು ನೋಡಿದರು, ತಣ್ಣೀರು ಬಿಟ್ಟು ನೋಡಿದರು. ಒಳಕಿವಿಗೆ ವೈರಸ್ ಹೊಕ್ಕು, ಮೈಯ ಸಮತೋಲ ಕಾಯುವ ಜಾಗವನ್ನು ಕೆಡಿಸಿದೆಯಂತೆ. ಹೋದದ್ದರಲ್ಲಿ ಎಷ್ಟು ಮರಳಿ ಬರುತ್ತದೆ ಎಂದು ಈಗಲೇ ಹೇಳಲು ಬರುವುದಿಲ್ಲವಂತೆ. ನಾನು ಎಲ್ಲ ಕೇಳಿಸಿಕೊಂಡು, ಮತ್ತೆ ವಿಮಾನ ಯಾವಾಗ ಹತ್ತಬಹುದು ಎಂದು ಕೇಳಿದೆ. ಅವರು ಪೆನ್ನು ಕೆಳಗಿಟ್ಟು, "ವಿಮಾನ ಸಧ್ಯಾ ವಿಸರಾ," ಎಂದರು. ಸದ್ಯಕ್ಕೆ ಮರೆತುಬಿಡಿ. ಹಾಲಿನ ಪಾಕೀಟು ತರುವುದನ್ನು ಮರೆತುಬಿಡಿ ಎನ್ನುವಷ್ಟೇ ಸಲೀಸಾಗಿ.

ಪೈಲಟ್‌ಗೆ ಡಾಕ್ಟರ ಮಾತು ಬರೀ ಮಾತಲ್ಲ. ವೈದ್ಯಕೀಯ ಮಂಡಳಿ ಫಿಟ್ ಎಂದು ಬರೆದುಕೊಟ್ಟರೆ ಮಾತ್ರ ನಾವು ಪೈಲಟ್. ಇಲ್ಲದಿದ್ದರೆ ಪೈಲಟ್ ಆಗಿದ್ದವರು. ನನ್ನ ಲೈಸೆನ್ಸ್ ಅಂದೇ ಕಪಾಟು ಸೇರಿತು. ಅದು ಮತ್ತೆ ಹೊರಗೆ ಬರುತ್ತದೋ ಇಲ್ಲವೋ ಎನ್ನುವುದೊಂದೇ ಮುಂದಿನ ವರ್ಷವಿಡೀ ನನ್ನ ತಲೆಯಲ್ಲಿದ್ದ ಪ್ರಶ್ನೆ.

ಅಲ್ಲಿಂದ ಶುರುವಾಯಿತು ಉರಿ. ಮೊದಲು ಅತ್ತೆಯ ಮೇಲೆ. ಎಪ್ಪತ್ತು ದಾಟಿದ ಹೆಂಗಸು, ಸ್ಟೂಲು ಹತ್ತಿ ಅಟ್ಟದ ಮೇಲಿನ ಉಪ್ಪಿನಕಾಯಿ ಭರಣಿ ಇಳಿಸುತ್ತಿದ್ದರು. ನಾನು ಹಾಸಿಗೆಯಿಂದ ಬಚ್ಚಲಿಗೆ ಹೋಗಲು ಅವರ ಹೆಗಲು ಬೇಡುತ್ತಿದ್ದೆ. ನಂತರ ಬಾಲ್ಕನಿಯಿಂದ ಕಾಣುವ ಎಲ್ಲರ ಮೇಲೆ. ಸ್ಕೂಟರಿನಲ್ಲಿ ಮಕ್ಕಳನ್ನು ಹಿಂದೆ ಮುಂದೆ ಕೂರಿಸಿಕೊಂಡು ಹೋಗುವ ತಾಯಂದಿರ ಮೇಲೆ, ಓಡುತ್ತಿರುವ ಬಸ್ಸಿಗೆ ಹಾರಿ ಹತ್ತುವ ಹುಡುಗರ ಮೇಲೆ. ಒಂದು ಸಂಜೆ ಗೇಟಿನ ಹತ್ತಿರ ಒಬ್ಬ ಕುಡುಕ ತೂರಾಡುತ್ತ ಹೋದ. ನನಗಿಂತ ನೆಟ್ಟಗೆ ನಡೆಯುತ್ತಿದ್ದ. ಅವನಿಗೆ ಕುಡಿದ ಸುಖವಾದರೂ ಸಿಕ್ಕಿತ್ತಲ್ಲ ಎಂದು ಅವನ ಮೇಲೂ ಹೊಟ್ಟೆಕಿಚ್ಚುಪಟ್ಟೆ.

ಆಸ್ಪತ್ರೆಯಲ್ಲಿ ಕುಲಕರ್ಣಿಬಾಯಿ ಎಂಬ ಹೆಂಗಸು ಸಿಗುತ್ತಿದ್ದರು. ಅದೇ ರೋಗ, ಅದೇ ಎಡಗಿವಿ. ನನಗಿಂತ ವಾರ ತಡವಾಗಿ ಬಿದ್ದವರು. ನಾವಿಬ್ಬರೂ ಗೋಡೆಗೆ ತಲೆಯಾನಿಸಿ ಕುಳಿತು ಒಬ್ಬರ ವಾಂತಿಯ ಸುದ್ದಿ ಇನ್ನೊಬ್ಬರು ಕೇಳುತ್ತಿದ್ದೆವು. ಬಚ್ಚಲಿಗೆ ಹೋಗಬೇಕಾದರೆ ಒಬ್ಬರನ್ನೊಬ್ಬರು ಹಿಡಿದುಕೊಂಡು ಹೋಗುತ್ತಿದ್ದೆವು, ಇಬ್ಬರೂ ಒಂದೇ ಕಡೆಗೆ ವಾಲುತ್ತ. ದಾರಿಯಲ್ಲಿ ಅವರು ನಗುತ್ತಿದ್ದರು, ನನಗೂ ನಗು ಬರುತ್ತಿತ್ತು. ಆ ದಿನಗಳಲ್ಲಿ ನಾನು ನಕ್ಕದ್ದು ಅಷ್ಟೇ. ಹೀಗಿರುವಾಗ ಒಂದು ದಿನ ಅವರು ಯಾರ ಆಸರೆಯೂ ಇಲ್ಲದೆ ಠಾಕುಠೀಕಾಗಿ ನಡೆದು ಬಂದು, ಎಲ್ಲರಿಗೂ ಪೇಢೆ ಹಂಚಿದರು. ಪೂರ್ತಿ ಗುಣವಾಗಿತ್ತು.

ಪೇಢೆ ಬಾಯಲ್ಲಿಟ್ಟುಕೊಂಡೇ ನಾನು ಯೋಚಿಸಿದೆ: ಇವರ ತಲೆ ನೆಟ್ಟಗಾಗಿ ಆಗಬೇಕಾದ್ದೇನಿದೆ? ಹೋಗಿ ಧಾರಾವಾಹಿ ನೋಡುತ್ತಾರೆ. ದೇವರು ಎಂಥ ಲೆಕ್ಕಗೇಡಿ, ಕಡಲೆ ಇದ್ದವರಿಗೆ ಹಲ್ಲಿಲ್ಲ ಎಂಬಂತೆ ಮಾಡಿದನಲ್ಲ. ಅವರು ನನ್ನ ಗಲ್ಲ ಸವರಿ, "ತುಮ್ಚಂಪಣ ಹೋಣಾರ," ಎಂದರು. ನಿಮ್ಮದೂ ಆಗುತ್ತದೆ. ಆ ಕೈಯನ್ನು ತಳ್ಳಬೇಕೆನ್ನಿಸಿತು. ತಳ್ಳಲಿಲ್ಲ, ಇನ್ನೊಂದು ಪೇಢೆ ಇಸಿದುಕೊಂಡೆ.

ಇಷ್ಟೆಲ್ಲ ಸಣ್ಣಪುಟ್ಟ ಉರಿ. ನಿಜವಾದ ಬೆಂಕಿಯ ಹೆಸರು ಪ್ರಜ್ವಲ್.

ಪ್ರಜ್ವಲ್ ನನ್ನ ಸಹಪೈಲಟ್. ಮಂಡ್ಯದ ಹುಡುಗ. ಹೆಂಡತಿ ಐಟಿಯಲ್ಲಿ, ಮಗರಪಟ್ಟಾದಲ್ಲಿ ಮನೆ. ಬಲಗಡೆಯ ಸೀಟಿನಲ್ಲಿ ಕೂರಿಸಿಕೊಂಡು ನಾನೇ ತಿದ್ದಿ ತೀಡಿದವನು. ಸಣ್ಣ ರನ್‌ವೇಯಲ್ಲಿ ಇಳಿಯುವಾಗ ಉಸಿರು ಬಿಗಿಹಿಡಿಯಬೇಡ ಎಂದು ನೂರು ಸಲ ಹೇಳಿದವಳು ನಾನು. ನಾನು ಬಿದ್ದ ಕೆಲವು ವಾರಗಳಲ್ಲಿ ಒಂದು ಭಾನುವಾರ ಎಳನೀರು ಹಿಡಿದುಕೊಂಡು ಮನೆಗೆ ಬಂದ. ಅತ್ತೆಯ ಕಾಲಿಗೆ ನಮಸ್ಕಾರ ಮಾಡಿದ. ಅವಲಕ್ಕಿ ತಿಂದ. ತಟ್ಟೆ ಕೆಳಗಿಟ್ಟ ಮೇಲೆ ಹೇಳಿದ:

"ಮೇಡಂ, ಕಂಪನಿಯವ್ರು ನನ್ನನ್ನ ಎಡಗಡೆಗೆ ಹಾಕಿದ್ದಾರೆ. ಟೆಸ್ಟ್ ಎಲ್ಲ ಆಯ್ತು. ಬೇರೆಯವರಿಂದ ನಿಮಗೆ ಗೊತ್ತಾಗೋದು ಬೇಡ ಅಂತ ನಾನೇ ಬಂದೆ."

"ಛಲೋ ಆತು," ಎಂದೆ.

"ನೀವು ವಾಪಸ್ ಬರೋವರೆಗೂ ಅಷ್ಟೇ, ಮೇಡಂ."

ಆ ಮಾತು ಇನ್ನೂ ಚುಚ್ಚಿತು. ಸೊಕ್ಕಿನಿಂದ ಹೇಳಿದ್ದರೆ ದ್ವೇಷಿಸಲು ಸುಲಭವಾಗುತ್ತಿತ್ತು. ಅವನು ಒಳ್ಳೆಯವನು, ಅದೇ ತೊಂದರೆ. ಇಂದೋರಿಗೆ ಹೋಗಿದ್ದು, ಅಡ್ಡಗಾಳಿಯಲ್ಲಿ ಇಳಿಸಿದ್ದು ಹೇಳುವಾಗ ಅವನ ಬಲಗೈ ಸೋಫಾದ ಮೇಲೆ ಮೆಲ್ಲಗೆ ಹಿಂದಕ್ಕೆ ಸರಿಯುತ್ತಿತ್ತು, ಇಂಜಿನ್ನಿನ ಹಿಡಿಕೆ ಎಳೆಯುವಂತೆ. ಎಡಗಡೆ ಕೂತವರು ಮಾತ್ರ ಬಲಗೈಯಲ್ಲಿ ಆ ಹಿಡಿಕೆ ಎಳೆಯುತ್ತಾರೆ. ನಾನು ಆ ಕೈಯನ್ನೇ ನೋಡುತ್ತ ಕುಳಿತಿದ್ದೆ. ಏನು ಹೇಳುತ್ತಿದ್ದನೋ ಕೇಳಿಸಲಿಲ್ಲ.

ಅವನು ಹೋದ ಮೇಲೆ ಅತ್ತೆ, "ಎಷ್ಟು ಛಂದ ಹುಡುಗ. ಎಷ್ಟು ಮರ್ಯಾದಿ," ಎಂದರು. ಆಮೇಲೆ ನನ್ನ ಕಡೆ ನೋಡಿ, "ನಿನ್ನ ಮಾರಿ ಯಾಕ ಹಾಗಲಕಾಯಿ ತಿಂದಂಗ ಆಗ್ಯದ?"

"ತಲಿ ತಿರಗ್ಲಿಕತ್ತದ್ರೀ ಅತ್ತಿ," ಎಂದೆ. ಕಾಯಿಲೆಯಿಂದ ಇದೊಂದು ಉಪಯೋಗ. ಯಾವುದಕ್ಕೂ ಅದೇ ಉತ್ತರ ನಡೆಯುತ್ತದೆ.

ಗುಣವಾಗಲು ಔಷಧಿಗಿಂತ ಹೆಚ್ಚು ಕೊಟ್ಟದ್ದು ಕಸರತ್ತು. ಹೆಬ್ಬೆರಳನ್ನು ಮುಂದೆ ಚಾಚಿ, ಅದರ ಮೇಲೆ ಕಣ್ಣು ನೆಟ್ಟು ತಲೆಯನ್ನು ಅತ್ತಿತ್ತ ಆಡಿಸಬೇಕು. ಆಡಿಸಿದರೆ ಹೊಟ್ಟೆ ತೊಳಸುತ್ತದೆ. ತೊಳಸಿದರೂ ಬಿಡದೆ ಆಡಿಸಬೇಕು. ದಿನಾ, ತಿಂಗಳುಗಟ್ಟಲೆ. ಮೊದಲ ದಿನ ಅತ್ತೆ ಬಾಗಿಲಲ್ಲಿ ನಿಂತು ನೋಡಿ, "ಯಾರಿಗೆ ಒಲ್ಲೆ ಒಲ್ಲೆ ಅನ್ಲಿಕತ್ತೀ?" ಎಂದು ಕೇಳಿದರು. ಆಮೇಲೆ ಅವರೇ ಕಾವಲು ಕುಳಿತರು. ನಾನು ನಿಲ್ಲಿಸಿದರೆ, "ನಾ ನೋಡ್ಲಿಕತ್ತೀನಿ, ಮಾಡು," ಎನ್ನುವರು. ಸೊಸೆ ಮನೆಯಲ್ಲೇ ಇದ್ದರೆ ಒಳ್ಳೆಯದು ಎಂದು ಹತ್ತು ವರ್ಷ ಗೊಣಗಿದವರು, ಸೊಸೆ ಮನೆ ಬಿಟ್ಟು ಹಾರಲೆಂದು ಮಗ್ಗುಲಲ್ಲಿ ಕುಳಿತು ಹೆಬ್ಬೆರಳು ಕಾಯುತ್ತಿದ್ದರು. ಆ ಋಣ ದೊಡ್ಡದು, ನಾನು ಅದನ್ನು ಅವರ ಮುಂದೆ ಹೇಳಿಲ್ಲ. ಹೇಳಿದರೆ ತಲೆಯ ಮೇಲೆ ಕೂರುತ್ತಾರೆ.

ಗೋಡೆ ಬಿಟ್ಟು ನಡೆಯುವಂತಾದ ಮೇಲೆ ಕಂಪನಿ ಲೋಹಗಾಂವ ವಿಮಾನ ನಿಲ್ದಾಣದ ಆಫೀಸಿನಲ್ಲಿ ಡೆಸ್ಕಿಗೆ ಕರೆಯಿತು. ರೋಗಿಗಳ ಮನೆಯವರ ಫೋನು ತೆಗೆದುಕೊಳ್ಳುವುದು, ಆಸ್ಪತ್ರೆಯೊಂದಿಗೆ ಮಾತಾಡುವುದು, ಪೈಲಟ್‌ಗೆ ಊರು ಮತ್ತು ಒಟ್ಟು ತೂಕ ತಿಳಿಸುವುದು. ಪೈಲಟ್‌ಗೆ ಗೊತ್ತಾಗಬಾರದ್ದೆಲ್ಲ ಡೆಸ್ಕಿನಲ್ಲಿ ಕುಳಿತವರಿಗೆ ಗೊತ್ತಿರುತ್ತದೆ. ಅಷ್ಟು ವರ್ಷ ಪರದೆಯ ಆಚೆ ಇದ್ದದ್ದು ಈಗ ನನ್ನ ಕಿವಿಯೊಳಗೆ ಬಂತು, ಅದೂ ಸಿಳ್ಳೆ ಹಾಕದ ಒಂದೇ ಕಿವಿಯೊಳಗೆ. ಗಾಜಿನ ಆಚೆಯ ಕೋಣೆಯಲ್ಲಿ ಪೈಲಟ್‌ಗಳು ಕಾಲು ಚಾಚಿ ಕೂತಿರುತ್ತಿದ್ದರು.

ಮಳೆಗಾಲದ ಒಂದು ಬೆಳಿಗ್ಗೆ ಬೆಳಗಾವಿಯ ಆಸ್ಪತ್ರೆಯಿಂದ ಫೋನು ಬಂತು. ಎರಡು ವರ್ಷದ ಕೂಸು, ಹೃದಯದ ತೊಂದರೆ, ಪುಣೆಗೆ ತರಬೇಕು, ರಸ್ತೆಯಲ್ಲಿ ತಂದರೆ ತಡೆಯುವುದಿಲ್ಲ. ನಾನು ಗಾಜಿನ ಕೋಣೆಗೆ ಹೋಗಿ ಪ್ರಜ್ವಲ್‌ಗೆ ಬೆಳಗಾವಿ ಎಂದೆ, ಒಟ್ಟು ತೂಕ ಹೇಳಿದೆ. ಅವನು ಹವಾಮಾನ ನೋಡಿದ. ಮತ್ತೊಮ್ಮೆ ನೋಡಿದ.

"ಆಗಲ್ಲ ಮೇಡಂ. ಬೆಳಗಾವೀಲಿ ಮೋಡ ತುಂಬಾ ಕೆಳಗಿದೆ. ಒಂದು ಗಂಟೆ ಬಿಟ್ಟು ಮತ್ತೆ ನೋಡ್ತೀನಿ."

ನಾನಾಗಿದ್ದರೆ ಹೋಗಿರುತ್ತಿದ್ದೆ. ಹಾಗೆಂದು ಆಗ ಖಾತ್ರಿಯಾಗಿ ಅನ್ನಿಸಿತು. ಹೆದರುಪುಕ್ಕಲ, ಎಡಗಡೆ ಕೂತು ಮಾಡುವುದೇನು ಎಂದುಕೊಂಡೆ. ನನ್ನ ನಾಲಿಗೆಯ ತುದಿಯಲ್ಲಿ ಎರಡೇ ಶಬ್ದಗಳಿದ್ದವು: ಕೂಸು ಅದ. ಅಂದುಬಿಟ್ಟರೆ ಅವನು ಎದ್ದು ಹೊರಡುತ್ತಾನೆ, ನನಗೆ ಗೊತ್ತು, ಅವನ ಮನೆಯಲ್ಲೂ ಅಷ್ಟೇ ವಯಸ್ಸಿನ ಕೂಸಿದೆ. ಅದರ ಹಿಂದೆಯೇ ಇನ್ನೊಂದು ವಿಚಾರವೂ ಬಂತು. ಹೋಗಿ, ಇಳಿಯಲಾರದೆ ಮರಳಿ ಬಂದರೆ ಒಳ್ಳೆಯದೇ ಆಯಿತು, ಎಡಗಡೆಯ ಸೀಟು ಯಾರಿಗೆ ಒಪ್ಪುತ್ತದೆ ಎಂದು ಕಂಪನಿಗೆ ಗೊತ್ತಾಗಲಿ. ಕೂಸಿನ ಜೀವದ ಮಾತಿನ ಮಧ್ಯೆ ಇಂಥ ವಿಚಾರ ಬಂತು, ಯಾರೂ ಕರೆಯದೆ ಬಂತು. ನಾನು ಬಾಯಿ ಮುಚ್ಚಿಕೊಂಡು ಡೆಸ್ಕಿಗೆ ಮರಳಿದೆ.

ಆಮೇಲೆ ಮಧ್ಯಾಹ್ನದವರೆಗೂ ಕೂಸಿನ ತಾಯಿಯ ಫೋನು. ರೇಣವ್ವ ಎಂದು ಹೆಸರು.

"ಅಕ್ಕಾರ, ಹೊಂಟ್ರೇನ್ರೀ?"

"ಇನ್ನೂ ಇಲ್ಲವಾ. ಮೋಡ ಆಗ್ಯದ. ಸರಿಯೂತನಕ ಕಾಯಬೇಕು."

"ಇಲ್ಲಿ ಮಳಿ ನಿಂತೈತ್ರಿ. ಜಿಟಿಜಿಟಿ ಅಷ್ಟ ಐತಿ. ಪೈಲಟ್ ಸಾಹೇಬ್ರಿಗೆ ಹೇಳ್ರಲಾ."

"ಹೇಳ್ತೀನಿ."

ಇಡುತ್ತಿದ್ದಳು, ಮತ್ತೆ ಮಾಡುತ್ತಿದ್ದಳು. ವಿಮಾನದಲ್ಲಿ ಚಳಿ ಇರುತ್ತದೇನು, ಮಗುವಿನ ಕುಲಾವಿ ಹಾಕಬಹುದೇನು, ಅವನಿಗೆ ಅವನ ದಿಂಬೇ ಬೇಕು, ತರಬಹುದೇನು. ಮಗನ ಹೆಸರು ಶಿವು ಎಂದಳು. ನಾಯಿ ಕಂಡರೆ ಬೌಬೌ ಎನ್ನುತ್ತಾನೆ, ಈಗ ಎರಡು ದಿನದಿಂದ ಅಂದಿಲ್ಲ ಎಂದಳು. ನನಗೆ ಹೇಳಲು ಬರುತ್ತಿದ್ದದ್ದು ದಿಂಬು ತಾ, ಕುಲಾವಿ ಹಾಕು ಎಂದಷ್ಟೇ. ಗಾಜಿನ ಆಚೆ ಪ್ರಜ್ವಲ್ ಹವಾಮಾನ ನೋಡುವುದು, ವಡಾಪಾವ್ ತಿನ್ನುವುದು, ಮತ್ತೆ ಹವಾಮಾನ ನೋಡುವುದು ಮಾಡುತ್ತಿದ್ದ. ಅವನು ಮೆಣಸಿನಕಾಯಿ ಕಚ್ಚಿಕೊಂಡು ತಿನ್ನುವುದನ್ನು ನೋಡಿ ನನಗೆ ಎಂದೂ ಆಗದಷ್ಟು ಅಸೂಯೆಯಾಯಿತು. ನಾನೂ ಹಾಗೇ ತಿಂದವಳಲ್ಲವೇ, ಅದೇ ಖುರ್ಚಿಯಲ್ಲಿ, ಏನೂ ಗೊತ್ತಿಲ್ಲದೆ.

ಮಧ್ಯಾಹ್ನ ಮೋಡ ಮೇಲೇರಿತು. ಅವನು ಹೋದ. ಸಂಜೆಯ ಬೆಳಕಿರುವಾಗಲೇ ಮರಳಿ ಬಂದ. ನಾನು ಇಳಿಯುವ ಜಾಗಕ್ಕೆ ಹೋಗಿ ನಿಂತೆ. ಸ್ಟ್ರೆಚರಿನ ಮೇಲೆ ಸಣ್ಣದೊಂದು ಗಂಟು, ಕುಲಾವಿ, ಹೂವಿನ ದಿಂಬು. ಶಿವು ಉಸಿರಾಡುತ್ತಿದ್ದ. ಹಿಂದೆ ರೇಣವ್ವ ಇಳಿದಳು, ನನಗಿಂತ ಎಷ್ಟೋ ಚಿಕ್ಕವಳು. ಇಳಿದವಳೇ ನೇರವಾಗಿ ಪ್ರಜ್ವಲ್‌ನ ಕಾಲಿಗೆ ಬಿದ್ದಳು. "ದೇವರು ಬಂದಂಗ ಬಂದ್ರಿ ಸಾಹೇಬ್ರ," ಎಂದಳು. ಅವನು ಹಿಂದೆ ಸರಿಯುತ್ತ ಕೈಮುಗಿಯುತ್ತ ನಿಂತ. ಅವಳು ಎದ್ದು ಕಣ್ಣೊರೆಸಿಕೊಂಡು ನನ್ನ ಪಕ್ಕದಲ್ಲೇ ಹಾದು ಆಂಬುಲೆನ್ಸ್ ಹತ್ತಿದಳು. ನನ್ನ ದನಿ ಅವಳಿಗೆ ಗೊತ್ತಿತ್ತು, ಮುಖ ಗೊತ್ತಿರಲಿಲ್ಲ. ನಾನು ಮಾತಾಡಲಿಲ್ಲ. ಮಾತಾಡಿದ್ದರೆ ಅಳು ಬರುತ್ತಿತ್ತು.

ಆಫೀಸಿನ ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಕೂಸು ಉಳಿದದ್ದಕ್ಕಲ್ಲ, ಅವಳು ಅವನ ಕಾಲಿಗೆ ಬಿದ್ದದ್ದಕ್ಕೆ.

ಮನೆಗೆ ಬಂದು ಅನಂತನ ಮುಂದೆ ಎಲ್ಲ ಹೇಳಿದೆ. ಬೆಳಗಿನಿಂದ ಅವಳ ಜೊತೆ ಜೀವ ಹಿಡಿದುಕೊಂಡು ಕೂತವಳು ನಾನು, ನಮಸ್ಕಾರ ಅವನಿಗೆ ಎಂದೆ. ಅನಂತ ಶೇಂಗಾ ಸುಲಿಯುತ್ತ ಕುಳಿತಿದ್ದ.

"ಇಷ್ಟು ವರ್ಷ ನಿನ್ನ ಕಾಲಿಗೂ ಬಿದ್ದಾರಲ್ಲ," ಎಂದ. "ಆವಾಗ ಡೆಸ್ಕಿನ್ಯಾಗ ಯಾರಿದ್ರು ಅಂತ ನೀ ಎಂದಾದ್ರೂ ಕೇಳೀಯೇನು?"

ಮರುದಿನದ ತನಕ ಅವನ ಜೊತೆ ಮಾತು ಬಿಟ್ಟೆ. ಗಂಡ ಹೇಳಿದ್ದು ಸರಿಯಿದ್ದರೆ ಸಿಟ್ಟು ಹೆಚ್ಚೇ ಬರುತ್ತದೆ.

ವಾರದ ನಂತರ ರೇಣವ್ವ ಡೆಸ್ಕಿಗೆ ಫೋನು ಮಾಡಿದಳು. ಆಪರೇಷನ್ ಆಗಿತ್ತು, ಮಗ ಗಂಜಿ ಕುಡಿದಿದ್ದ. "ಪೈಲಟ್ ಸಾಹೇಬ್ರಿಗೆ ಹೇಳ್ರಿ ಅಕ್ಕಾರ," ಎಂದಳು. ರೋಗಿಗೆ ಆಮೇಲೆ ಏನಾಯಿತು ಎನ್ನುವುದನ್ನೂ ಪೈಲಟ್‌ಗೆ ಹೇಳಬಾರದು ಎನ್ನುವುದು ನಮ್ಮ ನಿಯಮ. ನಿಯಮವನ್ನು ನಾನು ಅಂದು ಬಹಳ ಶ್ರದ್ಧೆಯಿಂದ ಪಾಲಿಸಿದೆ.

ವರ್ಷ ತುಂಬುವ ಹೊತ್ತಿಗೆ ವೈದ್ಯಕೀಯ ಮಂಡಳಿಯ ಮುಂದೆ ಹೋದೆ, ಬೆಂಗಳೂರಿಗೆ. ಕಾಯುವ ಕೋಣೆಯಲ್ಲಿ ಸಾಲಾಗಿ ಪೈಲಟ್‌ಗಳು. ಯಾರೂ ಯಾರಿಗೂ ಏನಾಗಿದೆ ಎಂದು ಕೇಳುವುದಿಲ್ಲ. ಎಲ್ಲರೂ ಮೊಬೈಲು ನೋಡುವಂತೆ ನಟಿಸುತ್ತ, ಬಾಗಿಲು ತೆರೆದಾಗ ಹೊರಬರುವವನ ಮುಖ ನೋಡುತ್ತಾರೆ. ನಗುತ್ತ ಬಂದರೆ ನಮ್ಮ ಹೊಟ್ಟೆ ಉರಿಯುತ್ತದೆ, ತಲೆ ತಗ್ಗಿಸಿ ಬಂದರೆ ಎದೆ ಹೊಡೆದುಕೊಳ್ಳುತ್ತದೆ. ಒಳಗೆ ಕಣ್ಣು ಮುಚ್ಚಿ ಒಂಟಿಕಾಲಲ್ಲಿ ನಿಲ್ಲಿಸಿದರು, ಗೆರೆಯ ಮೇಲೆ ನಡೆಸಿದರು, ತಿರುಗುವ ಖುರ್ಚಿಯಲ್ಲಿ ಕೂರಿಸಿ ತಿರುಗಿಸಿದರು. ನಾನು ಬೀಳಲಿಲ್ಲ.

ಫಿಟ್ ಎಂದು ಬರೆದರು. ಅದರ ಕೆಳಗೆ ಇನ್ನೊಂದು ಸಾಲು: ಸಹಪೈಲಟ್ ಆಗಿ ಮಾತ್ರ. ಎಡಗಡೆಯ ಮಾತು ಮುಂದೆ ನೋಡೋಣ ಎಂದರು.

ಮನೆಗೆ ಬಂದು ಹೇಳಿದಾಗ ಅತ್ತೆ ದೇವರಿಗೆ ತುಪ್ಪದ ದೀಪ ಹಚ್ಚಿದರು. ನಾನು ಮುಖ ಊದಿಸಿಕೊಂಡು ಕುಳಿತದ್ದು ನೋಡಿ, "ಮತ್ತ್ಯಾಕ ಹಿಂಗ ಕೂತೀ?" ಎಂದರು.

"ಬಲಗಡೆ ಕೂಡ್ಬೇಕ್ರೀ ಅತ್ತಿ. ಅಂವ ಎಡಗಡೆ, ನಾ ಬಲಗಡೆ."

"ಬಲಗಡೆ ಕೂತ್ರ ವಿಮಾನ ಹಾರೂದಿಲ್ಲೇನು?"

"ಹಾರ್ತದ್ರೀ."

"ಮತ್ತ?"



ಹಾಗೆ ನಾನು ಕಲಿಸಿದವನ ಕೈಕೆಳಗೆ ಕೆಲಸಕ್ಕೆ ಸೇರಿದೆ. ಹಾರುವ ಮುಂಚೆ ಕ್ಯಾಪ್ಟನ್ ಸಹಪೈಲಟ್‌ನನ್ನು ಒಂದು ಪ್ರಶ್ನೆ ಕೇಳಬೇಕು, ಇವತ್ತು ಫಿಟ್ ಇದ್ದೀರಾ ಎಂದು. ಎಡಗಡೆ ಇದ್ದಾಗ ನಾನು ಅವನನ್ನು ದಿನಾ ಮುಖ ನೋಡಿ ಕೇಳುತ್ತಿದ್ದೆ. ಒಮ್ಮೆ ಅವನ ಕಣ್ಣು ನೋಡಿಯೇ, ಜ್ವರ ಇದೆ ಎಂದು ಮನೆಗೆ ಕಳಿಸಿದ್ದೆ. ಅವನು ನನ್ನನ್ನು ಕೇಳಲು ನಾಚಿಕೊಂಡ. ಕಾಗದ ತಿರುವುತ್ತ, "ಓಕೆ ಅಲ್ವಾ ಮೇಡಂ," ಎನ್ನುತ್ತಿದ್ದ. ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ಹೇಳಿದೆ:

"ಪ್ರಜ್ವಲ್, ಮಾರಿ ನೋಡಿ ಕೇಳು. ನಾ ಹಂಗ ಕೇಳ್ತಿದ್ದಿಲ್ಲೇನು?"

ಅವನು ಕಾಗದ ಕೆಳಗಿಟ್ಟು ಕೇಳಿದ. "ಮೇಡಂ, ಇವತ್ತು ಫಿಟ್ ಇದ್ದೀರಾ?"

"ಇದ್ದೀನಿ."

ಅಂದಿನಿಂದ ದಿನಾ ಕೇಳಿದ, ನಾನು ದಿನಾ ಉತ್ತರ ಕೊಟ್ಟೆ. ಕೇಳು ಎಂದವಳು ನಾನೇ ಆದರೂ ಪ್ರತಿ ಸಲ ಒಳಗೆ ಚುರ್ ಎನ್ನುತ್ತಿತ್ತು. ಅವನು ಚೆನ್ನಾಗಿ ಇಳಿಸಿದ ದಿನ ಇನ್ನೂ ಸ್ವಲ್ಪ ಹೆಚ್ಚು.

ಚಳಿಗಾಲದಲ್ಲಿ ನನಗೆ ನೆಗಡಿಯಾಯಿತು. ದೊಡ್ಡದೇನಲ್ಲ. ಅತ್ತೆಯ ಶುಂಠಿ ಕಷಾಯ ಕುಡಿದು ಕಡಿಮೆಯಾಗಿತ್ತು. ಕೆಲಸಕ್ಕೆ ಹೋಗಬೇಕಾದ ಬೆಳಿಗ್ಗೆ ಮಂಚದ ಕೆಳಗೆ ಹೋಗಿದ್ದ ಬೂಟು ತೆಗೆಯಲು ಬಗ್ಗಿ, ಎದ್ದೆ. ಎದ್ದಾಗ ಕಪಾಟು ತನ್ನ ಜಾಗಕ್ಕೆ ಬಂದು ನಿಲ್ಲಲು ಒಂದು ಗಳಿಗೆ ತಡಮಾಡಿತು. ಒಂದೇ ಗಳಿಗೆ. ಮತ್ತೊಮ್ಮೆ ಬಗ್ಗಿ ಎದ್ದೆ, ಏನೂ ಆಗಲಿಲ್ಲ. ಅನಂತ ಕಾರಿನಲ್ಲಿ ಬಿಟ್ಟು ಹೋದ. ದಾರಿಯುದ್ದಕ್ಕೂ ನಾನು ತಲೆಯನ್ನು ಅತ್ತಿತ್ತ ತಿರುಗಿಸಿ ನೋಡಿಕೊಂಡೆ. ಎಲ್ಲ ಸರಿಯಿತ್ತು.

ಹುಬ್ಬಳ್ಳಿಗೆ ಹೋಗಬೇಕಿತ್ತು. ಊರು ಮತ್ತು ಒಟ್ಟು ತೂಕ, ಅಷ್ಟೇ ಗೊತ್ತು. ಬಲಗಡೆ ಕುಳಿತು ಪಟ್ಟಿ ಬಿಗಿದುಕೊಂಡೆ. ಪ್ರಜ್ವಲ್ ಕಾಗದ ಮುಗಿಸಿ ನನ್ನ ಕಡೆ ತಿರುಗಿದ.

"ಮೇಡಂ, ಇವತ್ತು ಫಿಟ್ ಇದ್ದೀರಾ?"

ಯಾರೂ ನೋಡಿರಲಿಲ್ಲ. ಇದ್ದೀನಿ ಎಂದರೆ ಇದ್ದೆ. ಇಲ್ಲ ಎಂದರೆ ಮತ್ತೆ ಕಿವಿಗೆ ನೀರು, ಮತ್ತೆ ಮಂಡಳಿ, ಬಹುಶಃ ಈ ಬಲಗಡೆಯ ಸೀಟೂ ಇಲ್ಲ. ಇಷ್ಟು ಉರಿದು, ಇಷ್ಟು ತಲೆಯಾಡಿಸಿ ಗಳಿಸಿದ್ದು. ಹಿಂದೆ ಮಲಗಿ ಬರುವವರು ಯಾರೋ ನನಗೆ ಗೊತ್ತಿರಲಿಲ್ಲ. ಪಕ್ಕದಲ್ಲಿ ಕುಳಿತವನ ಮನೆಯಲ್ಲಿ ಯಾರಿದ್ದಾರೆ ಎನ್ನುವುದು ಗೊತ್ತಿತ್ತು.

"ಇಲ್ಲ," ಎಂದೆ.

"ಮೇಡಂ?"

"ಇವತ್ತ ನಾ ಫಿಟ್ ಇಲ್ಲ. ಬ್ಯಾರೇದವರನ್ನ ಕರಿ."

ಸಮಾಧಾನದ ಮಾತೇನಾದರೂ ಆಡಿದ್ದರೆ ಅವನಿಗೆ ಹೊಡೆಯುತ್ತಿದ್ದೆನೋ ಏನೋ. ಅವನು, "ಸರಿ ಮೇಡಂ," ಎಂದಷ್ಟೇ ಹೇಳಿ ಫೋನು ಕೈಗೆತ್ತಿಕೊಂಡ. ನಾನು ಪಟ್ಟಿ ಬಿಚ್ಚಿ ಇಳಿದೆ. ಹೊಸದಾಗಿ ಸೇರಿದ್ದ ಒಬ್ಬಳು ಹುಡುಗಿ ಕೂದಲು ಕಟ್ಟಿಕೊಳ್ಳುತ್ತ ಓಡಿ ಬಂದಳು. ನನ್ನ ಸೀಟಿನಲ್ಲಿ ಕುಳಿತು, ಕಾಲು ಎಟುಕದೆ, ಅದನ್ನು ಮುಂದಕ್ಕೆ ಸರಿಸಿಕೊಂಡಳು. ಸೀಟು ಕಟಕಟ ಎಂದು ಸರಿದದ್ದು ನನಗೆ ಕೆಳಗಿನವರೆಗೂ ಕೇಳಿಸಿತು.

ಅದು ಬರೀ ನೆಗಡಿಯದೇ ಆಟ ಎಂದು ಆಮೇಲೆ ಗೊತ್ತಾಯಿತು, ಕೆಲವು ವಾರ ಬಿಟ್ಟು ಮತ್ತೆ ಹತ್ತಲು ಬಿಟ್ಟರು, ಬಲಗಡೆಗೇ. ಅಂದು ಅದು ಗೊತ್ತಿರಲಿಲ್ಲ. ಸರಿಯಾದದ್ದು ಮಾಡಿದರೆ ಮನಸ್ಸು ಹಗುರಾಗುತ್ತದೆ ಎನ್ನುತ್ತಾರೆ. ನನಗೆ ಹಗುರಾಗಲಿಲ್ಲ. ಆಫೀಸಿಗೆ ನಡೆದು ಬರುವಾಗ ಹಿಂದೆ ಇಂಜಿನ್ ಶುರುವಾಯಿತು, ಹೊಟ್ಟೆಯಲ್ಲಿ ಹಳೆಯ ಬೆಂಕಿ ಹಾಗೇ ಉರಿಯಿತು. ಈಗ ಇಬ್ಬರ ಮೇಲೆ.

ಡೆಸ್ಕಿನವನು ಚಹಾಕ್ಕೆ ಹೋಗಿದ್ದ. ಫೋನು ಬಡಿದುಕೊಳ್ಳುತ್ತಿತ್ತು. ಎತ್ತಿದೆ. ಹುಬ್ಬಳ್ಳಿಯಿಂದ, ವಯಸ್ಸಾದ ಗಂಡಸಿನ ದನಿ. ಯಾರಿಗೆ ಏನಾಗಿದೆ ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

"ಹೊಂಟಾರೇನ್ರೀ ತಾಯಿ?" ಎಂದರು.

ಕಿಟಕಿಯ ಆಚೆ ವಿಮಾನ ನೆಲ ಬಿಡುತ್ತಿತ್ತು. ಗಾಳಿ ಎಡದಿಂದ ಹೊಡೆಯುತ್ತಿದ್ದರೂ ಪ್ರಜ್ವಲ್ ರೆಕ್ಕೆ ಅಲ್ಲಾಡಲು ಬಿಡಲಿಲ್ಲ.

"ಹೊಂಟಾರ್ರೀ," ಎಂದೆ. "ಈಗ ನೆಲಾ ಬಿಟ್ರು. ಭಾಳ ಛಲೋ ಪೈಲಟ್ ಬರ್ಲಿಕತ್ತಾನ. ಕಾಳಜಿ ಮಾಡಬ್ಯಾಡ್ರಿ."